ಎಳೆಯ ರೇಡರನ ಪೋಷಣೆ: ಕಬಡ್ಡಿಯನ್ನು ಕುರಿತು ಒಂದು ವಿವೇಚನೆ

ಬ್ಯಾಡಗಿ ತಾಲೂಕಿನ ಕದರಮಂಡಲಗಿಯು ಕಾಂತೇಶನೆಂಬ ಆಂಜನೇಯನ ಕ್ಷೇತ್ರವೆಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಇವರೊಡನೆ ಈತನ ಹೆಸರನ್ನು ಸೇರಿಸಿ ಹೇಳುವುದು ಈ ಭಾಗದ ಭಕ್ತರ ವಾಡಿಕೆ. ಹನುಮಂತನ ಸನ್ನಿಧಿಯಲ್ಲಿ ಗರಡಿಯ ಮಾತು ಬಾರದೆ ಇರದು. ಗರಡಿಯ ಮಾತು ಬಂದಮೇಲೆ, ಹುಡುಗನನ್ನು ಜಟ್ಟಿಯನ್ನಾಗಿ ಬೆಳೆಸುವ ಬಗೆ ಯಾವುದು ಎಂಬ ಪ್ರಶ್ನೆಯೂ ಬರುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಕುಸ್ತಿಗೆ ಬದಲಾಗಿ ಕಬಡ್ಡಿಗೆ, ಅದರಲ್ಲಿಯೂ ಎದುರು ಪಾಳೆಯದೊಳಕ್ಕೆ ಒಬ್ಬನೇ ನುಗ್ಗುವ ರೇಡರನಿಗೆ ಅನ್ವಯಿಸಿ ನೋಡಲು ಪ್ರಯತ್ನಿಸಲಾಗಿದೆ. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಆಟದ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಅರಸರು, ಊರವರು, ರೈಲ್ವೆ, ಬ್ಯಾಂಕು, ಕಂಪನಿಗಳು ಯಾರಿಗೆ, ಎಷ್ಟು ಕಾಲ, ಏನನ್ನು ನಿರೀಕ್ಷಿಸಿ ಅನ್ನವಿಕ್ಕಿದವು ಎಂಬುದು ಇತಿಹಾಸದ ಪ್ರಶ್ನೆಯೇ ಆಗಿದೆ.

ಈ ವಿಷಯದತ್ತ ಲೇಖಕನ ಮನಸ್ಸು ಹರಿದುದಕ್ಕೆ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಕದರಮಂಡಲಗಿಯ ಕಡೆಯ ಒಬ್ಬ ವಿದ್ಯಾರ್ಥಿಯು ಬಿ.ಎ. ತರಗತಿಯಲ್ಲಿ ನಮ್ಮಲ್ಲಿ ಓದುತ್ತಿದ್ದನು. ಎತ್ತರದ ಆಳು, ನೀಳವಾದ ಕೈಕಾಲು, ಹೆಜ್ಜೆಯಲ್ಲಿ ಮಿಂಚಿನ ವೇಗ. ಅಂತರ-ಕಾಲೇಜು ಪಂದ್ಯಗಳಲ್ಲಿ ನಮ್ಮ ತಂಡದ ದಾಳಿಯೆಂದರೆ ಅವನ ದಾಳಿಯೇ ಆಗಿತ್ತು. ಅಂಕ ಬರುತ್ತಿದ್ದುದರಿಂದ ಅವನನ್ನೇ ಮತ್ತೆ ಮತ್ತೆ ಕಳುಹಿಸಿದೆವು. ಸುತ್ತ ನಿಂತು ಕೂಗಿದವರಲ್ಲಿ ಈ ಲೇಖಕನೂ ಒಬ್ಬನು. ಎರಡನೆಯ ವರ್ಷದಲ್ಲಿ ಎದುರಾಳಿಗಳು ಅವನ ಒಂದೇ ಪಟ್ಟನ್ನು ಅರಿತುಕೊಂಡರು. ಮೂರನೆಯ ವರ್ಷದ ಮೊದಲ ಪಂದ್ಯದಲ್ಲಿಯೇ, ಹಿಡಿತದಿಂದ ಬಿಡಿಸಿಕೊಳ್ಳಲು ತಿರುಗಿದಾಗ ಅವನ ಮೊಣಕಾಲು ತಿರುಚಿತು. ಅನಂತರ ಅವನು ಅಂಕಣಕ್ಕೆ ಇಳಿಯಲಿಲ್ಲ. ಇದನ್ನು ಅದೃಷ್ಟವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅವನ ಮೂರು ವರ್ಷಗಳಲ್ಲಿ ನಾವು ಅವನಿಗೆ ಹೊಸದಾಗಿ ಕಲಿಸಿದ್ದೇನು ಎಂದು ಲೆಕ್ಕ ಹಾಕಿದರೆ ಉತ್ತರ ಸೊನ್ನೆಯಾಗುತ್ತದೆ.

ಆಟದ ಕಟ್ಟುಪಾಡುಗಳನ್ನು ಮೊದಲು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. ಗಂಡಸರ ಅಂಕಣದ ಉದ್ದ ೧೩ ಮೀಟರು, ಅಗಲ ೧೦ ಮೀಟರು. ಮಧ್ಯರೇಖೆಯು ಅದನ್ನು ಆರೂವರೆ ಮೀಟರಿನ ಎರಡು ಪಾಳೆಯಗಳಾಗಿ ವಿಭಾಗಿಸುತ್ತದೆ. ಮಧ್ಯರೇಖೆಯಿಂದ ೩.೭೫ ಮೀಟರು ದೂರದಲ್ಲಿರುವುದು ಬಾಕ್ ರೇಖೆ. ಯಾರನ್ನೂ ಮುಟ್ಟದೆ ಮರಳುವ ರೇಡರನು ಇದನ್ನು ಒಮ್ಮೆಯಾದರೂ ದಾಟಿರಲೇಬೇಕು, ಇಲ್ಲವಾದರೆ ಔಟಾಗುವನು. ಅದರಾಚೆ ಇನ್ನೊಂದು ಮೀಟರಿಗೆ ಬೋನಸ್ ರೇಖೆಯಿದೆ. ಎದುರಿನಲ್ಲಿ ಆರು ಅಥವಾ ಏಳು ಮಂದಿ ನಿಂತಿರುವಾಗ, ಒಂದು ಕಾಲನ್ನು ಅದರಾಚೆ ಊರಿ ಇನ್ನೊಂದು ಕಾಲನ್ನು ಎತ್ತಿ ಹಿಡಿದವನಿಗೆ ಒಂದು ಅಂಕ. ಒಂದು ದಾಳಿಗೆ ೩೦ ಸೆಕೆಂಡು. ಒಂದೇ ಉಸಿರಿನಲ್ಲಿ ಕಬಡ್ಡಿ ಎನ್ನುತ್ತಿರಬೇಕೆಂಬ ವಿಧಿ ಇಂದಿಗೂ ಉಳಿದಿದೆಯಾದರೂ ದೊಡ್ಡ ಪಂದ್ಯಗಳಲ್ಲಿ ಗಡಿಯಾರವೇ ಯಜಮಾನನಾಗಿದೆ. ಪಂದ್ಯದ ಅವಧಿ ೪೦ ನಿಮಿಷ. ಪ್ರತಿಯೊಂದು ದಾಳಿಯೂ ಪೂರ್ತಿ ೩೦ ಸೆಕೆಂಡು ಹಿಡಿಯಿತೆಂದು ಭಾವಿಸಿದರೆ ಒಂದು ತಂಡದ ಪಾಲಿಗೆ ಸುಮಾರು ೪೦ ದಾಳಿಗಳು ಬರುತ್ತವೆ. ಈ ನಲವತ್ತನ್ನು ಯಾರು ಯಾರು ಹಂಚಿಕೊಳ್ಳುತ್ತಾರೆ ಎಂಬುದರಲ್ಲಿ ಎಳೆಯ ರೇಡರನ ಭವಿಷ್ಯವೆಲ್ಲ ಅಡಗಿದೆಯೆಂದು ಈ ಲೇಖಕನ ಅಭಿಪ್ರಾಯ.

ರೇಡರನೆಂದರೆ ವೇಗವಾಗಿ ನುಗ್ಗುವವನು ಎಂಬುದು ನೋಡುವವರ ಸಾಮಾನ್ಯ ಕಲ್ಪನೆ. ವಾಸ್ತವದಲ್ಲಿ ನುಗ್ಗುವುದು ಕಷ್ಟವಲ್ಲ, ಮರಳುವುದು ಕಷ್ಟ. ಎರಡು ಮೂಲೆಗಳಲ್ಲಿ ನಿಂತ ಕಾರ್ನರ್ ಆಟಗಾರರು ಅವನನ್ನು ಒಳಕ್ಕೆ ಬಿಟ್ಟುಕೊಳ್ಳುತ್ತಾರೆ. ಅವನು ಮೈ ತಿರುಗಿಸಿ ಹಿಂದಡಿಯಿಡುವ ಕ್ಷಣವನ್ನೇ ಅವರು ಕಾಯುತ್ತಿರುವುದು. ಕಣಕಾಲು ಅಥವಾ ತೊಡೆ ಒಬ್ಬನ ಕೈಗೆ ಸಿಕ್ಕಿತೆಂದರೆ ಉಳಿದವರು ಮೇಲೆ ಬೀಳುತ್ತಾರೆ. ಆದಕಾರಣ ಎಳೆಯನಿಗೆ ಮೊದಲು ಕಲಿಸಬೇಕಾದದ್ದು ಕಾಲಿನ ನಡೆ. ದೇಹದ ಭಾರವೆಲ್ಲ ಮುಂಗಾಲಿನ ಮೇಲೆ ಬಿದ್ದರೆ ಅವನು ಕೈಯನ್ನು ಎಷ್ಟು ನೀಡಿದರೂ ಮರಳಿ ಬರಲಾರನು. ಭಾರವು ಹಿಂಗಾಲಿನಲ್ಲಿದ್ದು, ಮುಂಗಾಲು ನೆಲವನ್ನು ಪರೀಕ್ಷಿಸುವಂತೆ ಚಲಿಸಬೇಕು. ಕೆಸರುಗದ್ದೆಯಲ್ಲಿ ನಡೆದು ಬಲ್ಲ ನಮ್ಮ ಹುಡುಗರಿಗೆ ಇದನ್ನು ಹೇಳಿದರೆ ಒಡನೆ ತಿಳಿಯುತ್ತದೆ. ಮಾಡಿ ತೋರಿಸಲು ಮಾತ್ರ ತಿಂಗಳುಗಳು ಬೇಕಾಗುತ್ತವೆ.

ಇದಕ್ಕಿಂತ ಕಠಿನವಾದುದು ಎರಡನೆಯ ಪಟ್ಟು. ಹಳ್ಳಿಯ ಆಟದಲ್ಲಿ ಒಂದೇ ಪಟ್ಟಿನಿಂದ ಗೆಲ್ಲಬಹುದು, ಏಕೆಂದರೆ ಅಲ್ಲಿ ಹಿಡಿಯುವವರು ಒಬ್ಬೊಬ್ಬರಾಗಿ ಹಿಡಿಯುತ್ತಾರೆ. ಮೇಲಿನ ಹಂತದಲ್ಲಿ ಅವರು ಇಬ್ಬಿಬ್ಬರಾಗಿ ಕೈ ಹಿಡಿದು ಸರಪಳಿ ಕಟ್ಟಿ, ರೇಡರನ ಮೊದಲ ಚಲನೆಯನ್ನು ನೋಡಿಯೇ ಅವನ ಮರಳುವ ದಾರಿಯನ್ನು ಮುಚ್ಚುತ್ತಾರೆ. ಯಾವ ಬದಿಯಿಂದ ಬರುತ್ತಾನೆ, ಯಾವ ಕಾಲನ್ನು ಮುಂದಿಡುತ್ತಾನೆ ಎಂಬುದು ಎರಡು ಮೂರು ಪಂದ್ಯಗಳಲ್ಲಿ ಎಲ್ಲರಿಗೂ ತಿಳಿದುಹೋಗುತ್ತದೆ. ಆಗ ಅವನ ಬಳಿ ಇನ್ನೊಂದು ಪಟ್ಟಿರಬೇಕು. ಅದೂ ಮೊದಲನೆಯದರಂತೆಯೇ ಆರಂಭವಾಗಿ, ಅರ್ಧದಲ್ಲಿ ಬೇರೆಯಾಗುವಂಥ ಪಟ್ಟು. ಕೈ ನೀಡಿದಂತೆ ಮಾಡಿ ಕಾಲಿನಿಂದ ಮುಟ್ಟುವುದು, ಬೋನಸ್ಸಿಗೆ ಹೋದಂತೆ ಮಾಡಿ ಹಿಂದೊದೆಯುವುದು, ಸರಪಳಿಯ ಎದುರು ನಿಂತು ಒಮ್ಮೆಲೆ ತಲೆ ತಗ್ಗಿಸಿ ಅದರಡಿ ನುಸುಳುವುದು. ಈ ಕಡೆಯದಕ್ಕೆ ಆಟಗಾರರಲ್ಲಿ ಡುಬ್ಕಿ ಎಂದು ಹೆಸರು. ಇಲ್ಲಿಯೇ ತೊಡಕಿರುವುದು. ಎರಡನೆಯ ಪಟ್ಟನ್ನು ಕಲಿಯುತ್ತಿರುವಾಗ ಹುಡುಗನು ಮೊದಲನೆಯದರಲ್ಲಿ ಗಳಿಸುತ್ತಿದ್ದ ಅಂಕಗಳನ್ನು ಕಳೆದುಕೊಳ್ಳುವನು. ಕುಸ್ತಿಯಲ್ಲಿ ಸೋತ ಹುಡುಗನು ಮರುಕ್ಷಣ ಎದ್ದು ಮತ್ತೆ ತೊಡೆ ತಟ್ಟಬಹುದು. ಕಬಡ್ಡಿಯಲ್ಲಿ ಸಿಕ್ಕಿಬಿದ್ದವನು ಹೊರಗೆ ಹೋಗಿ ಕುಳಿತುಕೊಳ್ಳಬೇಕು; ತನ್ನವರು ಅಂಕ ಗಳಿಸಿ ಅವನನ್ನು ಎಬ್ಬಿಸುವವರೆಗೆ ಅವನಿಗೆ ಆಟವಿಲ್ಲ. ತಪ್ಪು ಮಾಡಿ ಕಲಿಯಬೇಕಾದವನಿಗೇ ಅಭ್ಯಾಸದ ಅವಕಾಶ ಕಡಿಮೆಯಾಗುವಂತೆ ಆಟದ ನಿಯಮವೇ ರಚಿತವಾಗಿದೆ. ಹೀಗಿರುವಲ್ಲಿ ಆ ನಷ್ಟದ ಕಾಲವನ್ನು ಭರಿಸತಕ್ಕವರು ಯಾರು?

ಈ ಪ್ರಶ್ನೆಯು ಹೊಸದಲ್ಲ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಹಾವೇರಿಯ ಸಿದ್ಧೇಶ್ವರ, ಗಳಗನಾಥದ ಗಳಗೇಶ್ವರ ದೇವಾಲಯಗಳನ್ನು ಕಂಡವರಿಗೆ ಆ ಅರಸುಮನೆತನದ ಕಾಲವು ಈ ಸೀಮೆಗೆ ಎಷ್ಟು ಹತ್ತಿರದ್ದೆಂದು ಹೇಳಬೇಕಾಗಿಲ್ಲ. ಆ ಪ್ರಕರಣದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ಇವುಗಳಿಗನುಸಾರವಾಗಿ ವರ್ಗೀಕರಿಸಲಾಗಿದೆ. ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬದ ಮೇಲೆ ಮಾಡುವ ಸ್ತಂಭಶ್ರಮ ಮೊದಲಾದ ಸಾಧನೆಗಳು ಅಲ್ಲಿ ಉಕ್ತವಾಗಿವೆ. ಮಲ್ಲರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಮುಂತಾದವುಗಳನ್ನು ಒದಗಿಸುವುದು ಅರಸನ ಹೊಣೆಯೆಂದು ಗ್ರಂಥವು ವಿಧಿಸುತ್ತದೆ. ನಮ್ಮ ವಿವೇಚನೆಗೆ ಮುಖ್ಯವಾದುದು ವರ್ಗೀಕರಣದ ತತ್ತ್ವ. ವಯಸ್ಸನ್ನೂ ಬಲವನ್ನೂ ನೋಡಿ ವರ್ಗ ಮಾಡುವವನು, ಎಲ್ಲರಿಂದಲೂ ಒಂದೇ ಫಲವನ್ನು ಒಂದೇ ಕಾಲಕ್ಕೆ ಬಯಸಲಾರನು. ಅರಸನು ಇದನ್ನು ದಯೆಯಿಂದ ಮಾಡಿದನೆಂದು ತಿಳಿಯಬೇಕಾಗಿಲ್ಲ. ಮಲ್ಲರು ಅವನ ವಿನೋದದ ಸಾಮಗ್ರಿ. ಆದರೂ ಕಾಯುವ ಶಕ್ತಿ ಅವನ ಭಂಡಾರಕ್ಕಿತ್ತು.

ಕಬಡ್ಡಿಯ ಪ್ರಾಚೀನತೆಯ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ಉಚಿತ. ಅಭಿಮನ್ಯುವು ಚಕ್ರವ್ಯೂಹವನ್ನು ಹೊಕ್ಕ ಕಥೆಯಿಂದ ಈ ಆಟ ಹುಟ್ಟಿತೆಂದು ಭಾಷಣಗಳಲ್ಲಿ ಹೇಳುವುದುಂಟು. ನಮ್ಮ ಜಿಲ್ಲೆಯ ವೀರಗಲ್ಲುಗಳಲ್ಲಿ ಕಾಣುವ ತುರುಗೋಳಿನ ದೃಶ್ಯಗಳನ್ನು ತೋರಿಸಿ ಅದೇ ಮೂಲವೆಂದು ವಾದಿಸಿದ ವಿದ್ಯಾರ್ಥಿಯೊಬ್ಬನ ಪ್ರಬಂಧವನ್ನು ಈ ಲೇಖಕನು ತಿದ್ದಿದ್ದಾನೆ. ಹೋಲಿಕೆ ಮನೋಹರವಾಗಿದೆ, ಆಧಾರ ಮಾತ್ರ ಇಲ್ಲ. ದಾಖಲೆಗಳಿಂದ ಸಿದ್ಧವಾಗುವ ಇತಿಹಾಸವು ಈಚಿನದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಹಾರಾಷ್ಟ್ರದ ವ್ಯಾಯಾಮ ಸಂಸ್ಥೆಗಳು ಹುತುತು ಎಂಬ ಹೆಸರಿನಲ್ಲಿದ್ದ ಆಟಕ್ಕೆ ನಿಯಮಗಳನ್ನು ರೂಪಿಸಿದವು. ೧೯೨೩ರಲ್ಲಿ ಬರೋಡೆಯಲ್ಲಿ ನಿಯಮಗಳು ಮುದ್ರಿತವಾದವು. ೧೯೫೦ರಲ್ಲಿ ಅಖಿಲ ಭಾರತ ಒಕ್ಕೂಟ ಸ್ಥಾಪಿತವಾಯಿತು. ೧೯೯೦ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ ಕಬಡ್ಡಿಯು ಪದಕದ ಆಟವಾಯಿತು. ೨೦೧೪ರ ಜುಲೈ ೨೬ರಂದು ಎಂಟು ತಂಡಗಳ ಪ್ರೊ ಕಬಡ್ಡಿ ಲೀಗ್ ಆರಂಭವಾಗಿ, ೨೦೧೭ರಲ್ಲಿ ತಂಡಗಳ ಸಂಖ್ಯೆ ಹನ್ನೆರಡಕ್ಕೇರಿತು.

ಒಕ್ಕೂಟ ಹುಟ್ಟಿದಂದಿನಿಂದ ಲೀಗಿನವರೆಗಿನ ಆರು ದಶಕಗಳಲ್ಲಿ ಆಟಗಾರನಿಗೆ ಅರಸನ ಸ್ಥಾನದಲ್ಲಿ ನಿಂತವು ರೈಲ್ವೆ, ಪೊಲೀಸು, ಸೈನ್ಯ ಹಾಗೂ ಬ್ಯಾಂಕುಗಳು. ಕಾರ್ಕಳ ತಾಲೂಕಿನ ಹೆರ್ಮುಂಡೆಯಲ್ಲಿ ಹುಟ್ಟಿದ ಮಮತಾ ಪೂಜಾರಿಯವರು ಉತ್ತಮ ನಿದರ್ಶನ. ಕಾಲೇಜಿನ ಆಟದಿಂದ ದಕ್ಷಿಣ ಮಧ್ಯ ರೈಲ್ವೆಯ ಕೆಲಸಕ್ಕೆ ಸೇರಿ, ಅಲ್ಲಿಂದ ಭಾರತ ತಂಡಕ್ಕೆ ಬಂದ ಅವರು ೨೦೧೪ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದರು. ಅದೇ ವರ್ಷ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡವು ಅವರದು. ಅವರಿಗಿಂತ ಮೊದಲು ಸಿ. ಹೊನ್ನಪ್ಪ ಹಾಗೂ ಬಿ.ಸಿ. ರಮೇಶ್ ಇವರು ೨೦೦೦ ಮತ್ತು ೨೦೦೧ರ ಅರ್ಜುನ ಪ್ರಶಸ್ತಿಗಳನ್ನು ಕರ್ನಾಟಕಕ್ಕೆ ತಂದಿದ್ದರು. ನೌಕರಿಯಿಂದ ಬಂದ ಲಾಭವು ಸಂಬಳ ಮಾತ್ರವಲ್ಲ. ಒಂದು ವರ್ಷ ಚೆನ್ನಾಗಿ ಆಡದಿದ್ದರೂ ಕೆಲಸ ಹೋಗುತ್ತಿರಲಿಲ್ಲ. ಹೊಸ ಪಟ್ಟನ್ನು ಕಲಿಯುವ ಧೈರ್ಯ ಆ ಭದ್ರತೆಯಿಂದ ಬರುತ್ತಿತ್ತು. ಕರ್ನಾಟಕದಲ್ಲಿ ಕಬಡ್ಡಿ ತಂಡವನ್ನು ಸಾಕಿದ ವಿಜಯಾ ಬ್ಯಾಂಕು ೨೦೧೯ರ ಏಪ್ರಿಲ್ ೧ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಆ ದಿನದ ಪತ್ರಿಕೆಗಳಲ್ಲಿ ಠೇವಣಿದಾರರ ಮತ್ತು ಶಾಖೆಗಳ ವಿಚಾರವೇ ಹೆಚ್ಚಾಗಿತ್ತು. ಆಟಗಾರರನ್ನು ನೆನೆದವರು ಬಹಳ ಮಂದಿ ಇದ್ದಿರಲಾರರು.

ಲೀಗಿನ ಕಾಲದಲ್ಲಿ ಕಾಯುವಿಕೆಯ ಲೆಕ್ಕ ಬದಲಾಯಿತು. ಇದಕ್ಕೆ ನಮ್ಮ ರಾಜಧಾನಿಯ ತಂಡವಾದ ಬೆಂಗಳೂರು ಬುಲ್ಸಿನ ಚರಿತ್ರೆಯೇ ಸಾಕ್ಷಿ. ೨೦೧೫ರ ಎರಡನೆಯ ಆವೃತ್ತಿಯಲ್ಲಿ ಈ ತಂಡದಲ್ಲಿ ಪ್ರದೀಪ್ ನರ್ವಾಲ್ ಎಂಬ ಹದಿನೆಂಟರ ಹುಡುಗನಿದ್ದನು. ಮಂಜೀತ್ ಛಿಲ್ಲರ್, ಅಜಯ್ ಠಾಕೂರ್ ಮುಂತಾದ ಪಳಗಿದವರಿದ್ದ ತಂಡವದು; ಆ ವರ್ಷ ಅಂತಿಮ ಪಂದ್ಯದವರೆಗೂ ಹೋಯಿತು. ಹುಡುಗನಿಗೆ ದೊರೆತದ್ದು ಕೆಲವೇ ದಾಳಿಗಳು. ಮರುವರ್ಷ ಅವನು ಪಾಟ್ನಾ ಪೈರೇಟ್ಸ್ ಸೇರಿದನು. ಅಲ್ಲಿ ಡುಬ್ಕಿಯನ್ನೇ ತನ್ನ ಗುರುತಾಗಿಸಿಕೊಂಡು ಸತತ ಮೂರು ಪ್ರಶಸ್ತಿಗಳಲ್ಲಿ ಪಾಲುಗೊಂಡನು. ೨೦೧೭ರ ಒಂದೇ ಆವೃತ್ತಿಯಲ್ಲಿ ೩೬೯ ದಾಳಿ ಅಂಕಗಳನ್ನು ಗಳಿಸಿದನು. ಬೆಂಗಳೂರಿನವರು ತಪ್ಪು ಮಾಡಿದರೆಂದು ಈಗ ಕುಳಿತು ಹೇಳುವುದು ನ್ಯಾಯವಲ್ಲ. ಗೆಲ್ಲುತ್ತಿರುವ ತಂಡದಲ್ಲಿ ಕಲಿಯುವವನಿಗೆ ಜಾಗವಿರುವುದಿಲ್ಲ, ಸೋಲುತ್ತಿರುವ ತಂಡದಲ್ಲಿ ಕಲಿಯಲು ಪುರುಸೊತ್ತಿರುವುದಿಲ್ಲ.

ಎರಡನೆಯ ಉದಾಹರಣೆ ಇನ್ನೂ ಬೋಧಪ್ರದವಾಗಿದೆ. ಪವನ್ ಸೆಹ್ರಾವತ್ ೨೦೧೬ರಲ್ಲಿ ಇದೇ ತಂಡದ ಮೂಲಕ ಲೀಗನ್ನು ಪ್ರವೇಶಿಸಿದನು. ಹೆಚ್ಚಿನ ಹೆಸರು ಬರಲಿಲ್ಲ. ೨೦೧೭ರಲ್ಲಿ ಗುಜರಾತಿನ ತಂಡಕ್ಕೆ ಹೋದಾಗ ಆಡುವ ಅವಕಾಶವೇ ವಿರಳವಾಗಿತ್ತು. ೨೦೧೮ರಲ್ಲಿ ಬೆಂಗಳೂರಿಗೆ ಹಿಂದಿರುಗಿದನು. ತರಬೇತುಗಾರರು ಮೊದಲಿನ ರಣಧೀರ್ ಸಿಂಗರೇ. ನಾಯಕನಾಗಿ ರೋಹಿತ್ ಕುಮಾರನಂಥ ಪಳಗಿದ ರೇಡರನು ಜೊತೆಗಿದ್ದನು. ಆ ಆವೃತ್ತಿಯಲ್ಲಿ ಪವನನ ದಾಳಿ ಅಂಕಗಳು ೨೭೧. ೨೦೧೯ರ ಜನವರಿ ೫ರಂದು ನಡೆದ ಅಂತಿಮ ಪಂದ್ಯದಲ್ಲಿ, ತನ್ನನ್ನು ಹಿಂದಿನ ವರ್ಷ ಕೂರಿಸಿದ್ದ ಗುಜರಾತಿನ ವಿರುದ್ಧವೇ ೨೨ ಅಂಕ ಗಳಿಸಿ, ಬೆಂಗಳೂರಿಗೆ ಮೊದಲ ಪ್ರಶಸ್ತಿಯನ್ನು ತಂದನು. ಅದೇ ವರ್ಷದ ಅಕ್ಟೋಬರ್ ೨ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ ಒಬ್ಬನೇ ೩೯ ಅಂಕ ಗಳಿಸಿದನು. ಮೊದಲ ಪ್ರವೇಶದಿಂದ ಈ ಫಲದವರೆಗೆ ಸುಮಾರು ಮೂರು ವರ್ಷಗಳು ಸಂದಿದ್ದವು. ಆ ಅವಧಿಯಲ್ಲಿ ಅವನನ್ನು ಉಳಿಸಿದವರ ಪೈಕಿ ಅವನಿಗೆ ನೌಕರಿ ಕೊಟ್ಟ ರೈಲ್ವೆಯನ್ನೂ ಎಣಿಸಬೇಕು.

ದೆಹಲಿಯ ನವೀನ್ ಕುಮಾರನ ವಿಷಯವು ಬೇರೊಂದು ಸಂಗತಿಯನ್ನು ತಿಳಿಸುತ್ತದೆ. ೨೦೧೮ರಲ್ಲಿ ಹದಿನೆಂಟನೆಯ ವಯಸ್ಸಿಗೆ ಲೀಗಿಗೆ ಬಂದ ಇವನು ಮರುವರ್ಷವೇ ತಂಡವನ್ನು ಅಂತಿಮ ಪಂದ್ಯಕ್ಕೆ ಕೊಂಡೊಯ್ದನು. ಆ ಪಂದ್ಯದಲ್ಲಿ ೧೮ ಅಂಕ ಗಳಿಸಿದರೂ ದೆಹಲಿಯು ೩೪–೩೯ರಿಂದ ಸೋತಿತು. ಗೆದ್ದ ಬೆಂಗಾಲ್ ವಾರಿಯರ್ಸಿನ ತರಬೇತುಗಾರರು ನಮ್ಮ ಬಿ.ಸಿ. ರಮೇಶರೇ ಆಗಿದ್ದರೆಂಬುದು ಕನ್ನಡಿಗರಿಗೆ ಸಂತೋಷದ ವಿಚಾರ. ೨೦೨೨ರ ಫೆಬ್ರವರಿಯಲ್ಲಿ ದೆಹಲಿಯು ೩೭–೩೬ರಿಂದ ಪಾಟ್ನಾವನ್ನು ಸೋಲಿಸಿ ಪ್ರಶಸ್ತಿ ಗೆದ್ದಾಗ ನವೀನನ ಅಂಕಗಳು ೧೩. ವಿಜಯ್ ಎಂಬ ಇನ್ನೊಬ್ಬ ಆಟಗಾರನ ಅಂಕಗಳು ೧೪. ಎರಡು ಪಂದ್ಯಗಳಿಂದ ಸಿದ್ಧಾಂತ ಮಾಡಲಾಗದು ನಿಜ. ಆದರೂ ಎರಡನೆಯ ರೇಡರನು ಇರುವಲ್ಲಿ ಮೊದಲನೆಯವನ ಭಾರ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕಾಗಿಲ್ಲ. ಭಾರವೆಂಬುದು ಅಲಂಕಾರದ ಮಾತಲ್ಲ. ೨೦೨೨ರಲ್ಲಿ ತಮಿಳ್ ತಲೈವಾಸ್ ೨.೨೬ ಕೋಟಿ ರೂಪಾಯಿಗೆ ಕೊಂಡ ಪವನನು ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಆ ಆವೃತ್ತಿಯನ್ನೆಲ್ಲ ಕಳೆದುಕೊಂಡನು. ನವೀನನ ಮೊಣಕಾಲಿಗೂ ೨೦೨೩ರ ಆವೃತ್ತಿಯಲ್ಲಿ ಅದೇ ಗತಿಯಾಯಿತು. ಮಣ್ಣಿನಲ್ಲಿ ಕಾಲು ಜಾರಿ ಬಿಡಿಸಿಕೊಳ್ಳುತ್ತದೆ, ಮ್ಯಾಟಿನ ಮೇಲೆ ಬೂಟು ಕಚ್ಚಿ ನಿಲ್ಲುತ್ತದೆ. ಮೈ ತಿರುಗಿದಾಗ ಮೊಣಕಾಲೇ ಸಾಲ ತೀರಿಸಬೇಕಾಗುತ್ತದೆ. ಪವನನಿಗೆ ಚಿಕಿತ್ಸೆಯೂ ಮರಳುವ ದಾರಿಯೂ ಇದ್ದವು. ೨೦೨೩ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕನು ಅವನೇ. ನಮ್ಮ ವಿದ್ಯಾರ್ಥಿಗೆ ಇದ್ದದ್ದು ಊರಿನ ಎಣ್ಣೆ ತಿಕ್ಕುವವನು.

ಅಮೆರಿಕದ ಫುಟ್‌ಬಾಲಿನಲ್ಲಿ ರೇಡರನನ್ನು ಹೋಲುವ ಒಬ್ಬ ಆಟಗಾರನಿದ್ದಾನೆ. ಅವನಿಗೆ ಪಾಸ್ ರಷರ್ ಎಂದು ಹೆಸರು. ಚೆಂಡನ್ನು ಎಸೆಯಲು ನಿಂತ ಎದುರಾಳಿಯ ಮುಂದೆ ದಾಂಡಿಗರ ಗೋಡೆಯಿರುತ್ತದೆ. ಅದನ್ನು ಬಳಸಿಯೋ ಭೇದಿಸಿಯೋ ಹೋಗಿ ಅವನನ್ನು ಕೆಡಹುವುದು ಇವನ ಕೆಲಸ. ಇವನಿಗೂ ಮೊದಲ ಹೆಜ್ಜೆಯ ವೇಗ ಬೇಕು. ಒಂದು ಪಟ್ಟು ಕೆಟ್ಟಾಗ ಅದರಿಂದಲೇ ಹುಟ್ಟುವ ಎರಡನೆಯ ಪಟ್ಟು ಬೇಕು. ಆದರೆ ಅಲ್ಲಿಯ ವೃತ್ತಿಪರ ಲೀಗು, ಪ್ರೌಢಶಾಲೆಯನ್ನು ಬಿಟ್ಟು ಮೂರು ವರ್ಷ ಕಳೆಯದ ಹುಡುಗನನ್ನು ಸೇರಿಸಿಕೊಳ್ಳುವುದಿಲ್ಲ. ಆ ಮೂರು ವರ್ಷ ಅವನು ಸಾಮಾನ್ಯವಾಗಿ ಕಾಲೇಜಿನಲ್ಲಿ ಆಡಿ, ತಿಂದು, ಬೆಳೆಯುತ್ತಾನೆ. ವೃತ್ತಿಗೆ ಬಂದಮೇಲೂ ಎಳೆಯನನ್ನು ಎಲ್ಲ ಸರದಿಗಳಿಗೂ ನಿಲ್ಲಿಸದೆ, ಎದುರಾಳಿಗಳು ಚೆಂಡನ್ನು ಎಸೆಯುವುದು ಖಚಿತವಾಗಿರುವ ಸರದಿಗಳಲ್ಲಿ ಮಾತ್ರ ಇಳಿಸುವ ರೂಢಿಯಿದೆ. ಹೀಗೆ ಕೆಡಹಿದ ಲೆಕ್ಕವನ್ನು ಆ ಲೀಗು ಅಧಿಕೃತವಾಗಿ ಬರೆದಿಡತೊಡಗಿದ್ದು ೧೯೮೨ರಿಂದ. ಎಣಿಕೆಗೆ ಸಿಕ್ಕದ್ದಕ್ಕೆ ಬೆಲೆ ಬರುವುದು ಅಲ್ಲಿಯೂ ಇಲ್ಲಿಯೂ ಒಂದೇ. ಅಮೆರಿಕದ ಕಾಲೇಜುಗಳು ಆಟಗಾರರನ್ನು ದುಡಿಸಿಕೊಂಡ ಬಗೆಗೆ ಅಲ್ಲಿಯೇ ದೀರ್ಘ ವಿವಾದಗಳು ನಡೆದಿವೆ. ಆ ವ್ಯವಸ್ಥೆಯನ್ನು ಹಾಗೆಯೇ ತರಬೇಕೆಂದು ಇಲ್ಲಿ ಸೂಚಿಸುತ್ತಿಲ್ಲ. ನಮ್ಮ ಲೀಗು ಹೊಸ ಎಳೆಯ ಆಟಗಾರರಿಗೆಂದು ಪ್ರತ್ಯೇಕ ವರ್ಗವನ್ನು ಏರ್ಪಡಿಸಿದೆ. ೨೦೨೨ರಲ್ಲಿ ಆರಂಭವಾದ ಯುವ ಕಬಡ್ಡಿ ಸೀರೀಸು ಎಳೆಯರಿಗೆ ಪಂದ್ಯಗಳನ್ನು ಒದಗಿಸಿತು. ಇವು ಸ್ವಾಗತಾರ್ಹ. ಆದರೆ ಅಲ್ಲಿಗೆ ತಲಪುವ ಮುನ್ನ ಹುಡುಗನು ನಮ್ಮ ಕಾಲೇಜುಗಳ ಅಂಗಳದಲ್ಲಿ ಎರಡು ಮೂರು ವರ್ಷ ಇರುತ್ತಾನೆ. ನಾವು ಆ ಕಾಲವನ್ನು ವರ್ಷಕ್ಕೆ ಕೆಲವು ದಿನಗಳ ಅಂತರ-ಕಾಲೇಜು ಪಂದ್ಯಕ್ಕಾಗಿ ಖರ್ಚು ಮಾಡುತ್ತೇವೆ.

ಇದಕ್ಕೆ ಹಣ ಬೇಕೆಂಬುದು ಅರ್ಧ ಸತ್ಯ. ಹಾಲು, ಬೇಳೆ, ಮ್ಯಾಟು, ವೈದ್ಯ ಇವುಗಳಿಗೆ ಹಣ ಬೇಕು, ನಿಜ. ದಾಳಿಗಳ ಹಂಚಿಕೆಗೆ ಒಂದು ನೋಟುಬುಕ್ಕು ಸಾಕು. ಕಳೆದೆರಡು ವರ್ಷಗಳಿಂದ ನಮ್ಮ ಕಾಲೇಜಿನ ಹುಡುಗರು ಸಂಜೆಯ ಅಭ್ಯಾಸದಲ್ಲಿ ಹೀಗೊಂದು ಪುಸ್ತಕವನ್ನು ಇಟ್ಟಿದ್ದಾರೆ. ಯಾರು ಎಷ್ಟು ದಾಳಿ ಮಾಡಿದರು, ಯಾವ ಪಟ್ಟನ್ನು ಪ್ರಯೋಗಿಸಿದರು, ಸಿಕ್ಕಿಬಿದ್ದದ್ದು ಎಲ್ಲಿ ಎಂಬುದನ್ನು ಹೊರಗೆ ಕುಳಿತವನು ಬರೆಯುತ್ತಾನೆ. ಅಭ್ಯಾಸದಲ್ಲಿ ಸಿಕ್ಕಿಬಿದ್ದವನನ್ನು ಹೊರಗೆ ಕಳುಹಿಸುವುದಿಲ್ಲ. ಅದೇ ಪಟ್ಟನ್ನು ಅವನು ಕೂಡಲೇ ಮತ್ತೊಮ್ಮೆ ಮಾಡಬೇಕು. ಪಂದ್ಯದಲ್ಲಿ ಮೊದಲ ವರ್ಷದವನಿಗೆ ಹತ್ತು ದಾಳಿಗಳಿಗಿಂತ ಹೆಚ್ಚಿಲ್ಲ. ಎದುರಿನಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದು, ಅವರ ಹಿಡಿತಕ್ಕೆ ಒಂದು ಅಂಕ ಹೆಚ್ಚಾಗಿ ಸಿಗುವಂತಿರುವಾಗ ಅವನನ್ನು ಕಳುಹಿಸುವುದಿಲ್ಲ. ಈ ಏರ್ಪಾಡಿನಿಂದ ಹೋದ ವರ್ಷ ಒಂದು ಪಂದ್ಯವನ್ನು ನಾವು ಸೋತೆವೆಂದು ತಂಡದ ನಾಯಕನು ಇಂದಿಗೂ ದೂರುತ್ತಾನೆ. ಲೆಕ್ಕ ನೋಡಿದರೆ ಅವನ ಮಾತು ಸರಿಯಾಗಿಯೇ ಇದೆ. ಹಳೆಯ ವಿದ್ಯಾರ್ಥಿಯು ಈಗ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಲಸದಲ್ಲಿದ್ದಾನೆ. ವಾರದಲ್ಲಿ ಎರಡು ಸಂಜೆ ಬಂದು, ಅಂಕಣದ ಬದಿಯಲ್ಲಿ ಕುಳಿತು ಆ ಪುಸ್ತಕವನ್ನು ಬರೆಯುತ್ತಿರುವವನು ಅವನೇ.